ದುಡ್ಡು ನಮ್ಮದು, ಬೀಗದ ಕೈ ಕಂಪನಿಯದು



ನಿಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಇ-ತ್ಯಾಜ್ಯದ ಬಗ್ಗೆ ಬಂದ ಲೇಖನ ಓದಿದೆ. ಕಾಳಜಿಯೆಲ್ಲ ಸರಿಯೇ. ಆದರೆ ತಪ್ಪನ್ನೆಲ್ಲ ಜನರ ಶೋಕಿಯ ತಲೆಗೆ ಕಟ್ಟಿದ್ದನ್ನು ಒಪ್ಪಲಾಗಲಿಲ್ಲ. ಹಾಸನದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಶೋಕಿಗಾಗಿ ಫೋನ್ ಬದಲಿಸುವವರು ಕಣ್ಣಿಗೆ ಬೀಳುವುದೇ ಕಡಿಮೆ. ಅಂಥವರು ನನ್ನ ಹತ್ತಿರ ಯಾಕೆ ಬರುತ್ತಾರೆ, ಬಿಡಿ. ಬರುವವರೆಲ್ಲ ‘ಹೆಂಗಾದ್ರೂ ಮಾಡಿ ಇನ್ನೊಂದ್ ವರ್ಷ ಓಡೋ ಹಂಗ್ ಮಾಡ್ಕೊಡಿ ಅಣ್ಣ’ ಎನ್ನುವವರು. ಮಾಡಿಕೊಡುವ ಕಸುಬು ಕೈಯಲ್ಲಿದೆ. ಆದರೂ ಮಾಡಿಕೊಡಲು ಆಗುತ್ತಿಲ್ಲ.

ಯಾಕೆಂದು ಹೇಳುತ್ತೇನೆ. ಮೊನ್ನೆ ಮೇಷ್ಟರೊಬ್ಬರು ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಫೋನ್ ತಂದರು. ಮಗಳ ಫೋನ್ ನೀರಿಗೆ ಬಿದ್ದು ಬೋರ್ಡ್ ಸತ್ತಿತ್ತು, ಡಿಸ್‌ಪ್ಲೇ ಚೆನ್ನಾಗಿತ್ತು. ಅವರದರಲ್ಲಿ ಡಿಸ್‌ಪ್ಲೇ ಒಡೆದಿತ್ತು, ಮಿಕ್ಕಿದ್ದೆಲ್ಲ ಸರಿಯಿತ್ತು. ಎರಡನ್ನೂ ಅವರೇ ದುಡ್ಡು ಕೊಟ್ಟು, ಬಿಲ್ ಪಡೆದು ಕೊಂಡದ್ದು. ಬಿಸಿ ಮಾಡಿ ಅಂಟು ಸಡಿಲಿಸಿ, ಸ್ಟ್ರಿಪ್ ಬಿಡಿಸಿ, ಮಗಳ ಫೋನಿನ ಡಿಸ್‌ಪ್ಲೇ ಅವರದಕ್ಕೆ ಕೂರಿಸಿದೆ. ಪರದೆ ಹತ್ತಿಕೊಂಡಿತು, ಟಚ್ ಕೂಡ ಸರಿಯಿತ್ತು. ಹಿಂದೆಯೇ ಸಂದೇಶ ಬಂತು: ಈ ಡಿಸ್‌ಪ್ಲೇ ಅಸಲಿಯೋ ಅಲ್ಲವೋ ಗೊತ್ತಾಗುತ್ತಿಲ್ಲ. ಬೆಳಕಿಗೆ ತಕ್ಕಂತೆ ಪರದೆ ತಾನೇ ಹೊಂದಿಕೊಳ್ಳುತ್ತಿತ್ತಲ್ಲ, ಅದೂ ನಿಂತುಹೋಯಿತು. ಮೇಷ್ಟರು ಒಮ್ಮೆ ಫೋನ್ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಅವರ ಕಣ್ಣೆದುರಿಗೇ ಹಾಕಿದ್ದರಿಂದ ಬಚಾವಾದೆ. ಇಲ್ಲದಿದ್ದರೆ ‘ಅಸಲಿ ಎಗರಿಸಿ ಡೂಪ್ಲಿಕೇಟ್ ಹಾಕಿದ’ ಎಂಬ ಹೆಸರು ಊರೆಲ್ಲ ಹರಡುತ್ತಿತ್ತು.

ನಡೆಯುವುದು ಇಷ್ಟೇ. ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾದಂಥ ಭಾಗಗಳ ಒಳಗೇ ಒಂದೊಂದು ನಂಬರ್ ಇಟ್ಟು, ಕೆಲವು ಕಂಪನಿಯವರು ಅದನ್ನು ಆ ಫೋನಿನ ಬೋರ್ಡಿಗೆ ಸಾಫ್ಟ್‌ವೇರ್ ಮೂಲಕ ಗಂಟು ಹಾಕಿರುತ್ತಾರೆ. ಭಾಗ ಬದಲಾದರೆ ಫೋನ್ ಅದನ್ನು ಗುರುತಿಸುವುದಿಲ್ಲ. ಹಲವು ಮಾಡೆಲ್‌ಗಳಲ್ಲಿ ಗುರುತಿಸುವಂತೆ ಮಾಡುವ ಸಾಫ್ಟ್‌ವೇರ್ ಕಂಪನಿಯ ಬಳಿ, ಅವರ ಅಧಿಕೃತ ಸರ್ವಿಸ್ ಸೆಂಟರ್‌ಗಳ ಬಳಿ ಮಾತ್ರ. ನಮ್ಮಲ್ಲಿ ಕೈಚಳಕ ಇರುವವರು ಹಳೇ ಡಿಸ್‌ಪ್ಲೇಯ ಸ್ಟ್ರಿಪ್ ಮೇಲಿರುವ ಸಾಸಿವೆ ಕಾಳಿನಷ್ಟು ಐಸಿ ಕಿತ್ತು ಹೊಸದಕ್ಕೆ ಬೆಸುಗೆ ಹಾಕುತ್ತಾರೆ. ಒಡೆದ ಡಿಸ್‌ಪ್ಲೇ ಜೊತೆ ಆ ಐಸಿಯೂ ಹೋಗಿದ್ದರೆ ದೇವರೇ ಗತಿ.

ಈ ಬುದ್ಧಿ ಫೋನ್ ಕಂಪನಿಗಳದ್ದು ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಟ್ರ್ಯಾಕ್ಟರ್ ಕಂಪನಿ ಜಾನ್ ಡೀರ್ 2015ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿಯ ಮುಂದೆ ಹೇಳಿದ್ದೇನು ಗೊತ್ತೇ? ಟ್ರ್ಯಾಕ್ಟರ್ ಕೊಂಡ ರೈತನಿಗೆ ಅದರೊಳಗಿನ ಸಾಫ್ಟ್‌ವೇರಿನ ಮೇಲೆ ಒಡೆತನವಿಲ್ಲ; ಆ ಗಾಡಿ ಇರುವಷ್ಟು ಕಾಲ ಓಡಿಸಿಕೊಳ್ಳಲು ಒಂದು ಅನುಮತಿ ಇದೆ, ಅಷ್ಟೇ. ದೋಷ ಪತ್ತೆ ಮಾಡಿ ಪೂರ್ತಿ ಸರಿಪಡಿಸುವ ಸಾಫ್ಟ್‌ವೇರನ್ನು ತನ್ನ ಡೀಲರುಗಳಿಗೆ ಮಾತ್ರ ಕೊಟ್ಟು ರೈತರ ಕೈ ಕಟ್ಟಿಹಾಕಿದೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ನಮ್ಮ ಕಡೆಯ ಟ್ರ್ಯಾಕ್ಟರುಗಳಿಗೆ ಇನ್ನೂ ಸ್ಪ್ಯಾನರಿನ ಭಾಷೆ ಅರ್ಥವಾಗುತ್ತದೆ, ಪುಣ್ಯ.

ನಮ್ಮ ದೇಶದಲ್ಲಿ ಈ ವಿಷಯ ಹೊಸದೇನಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅಸಲಿ ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆ ಉಪಕರಣ ಇವನ್ನೆಲ್ಲ ಅಧಿಕೃತ ಡೀಲರುಗಳಿಗಷ್ಟೇ ಮೀಸಲಿಟ್ಟು ಹೊರಗಿನ ಗ್ಯಾರೇಜಿನವರಿಗೆ ಬಾಗಿಲು ಹಾಕಿದ್ದೇ ಕಂಪನಿಗಳ ಮೇಲಿದ್ದ ದೂರು. ದಂಡದ ವಿಚಾರ ಮೇಲ್ಮನವಿಗೆ ಹೋಯಿತು, ಅದು ಬೇರೆ ಮಾತು. ಆದರೆ ಆಯೋಗ ಅವತ್ತೇ ಒಂದು ವಿಷಯ ಖಡಾಖಂಡಿತವಾಗಿ ಹೇಳಿತ್ತು: ಕಾರು ಕೊಳ್ಳುವಾಗ ಮಾರುಕಟ್ಟೆಯಲ್ಲಿ ಹತ್ತು ಕಂಪನಿ ಇರಬಹುದು, ಕೊಂಡ ಮೇಲೆ ಅದರ ಬಿಡಿಭಾಗದ ಮಟ್ಟಿಗೆ ಆ ಒಂದು ಕಂಪನಿಯದೇ ಕಾರುಬಾರು. ಕಾರಿಗೆ ಒಪ್ಪುವ ಈ ನ್ಯಾಯ ಫೋನಿಗೆ ಯಾಕೆ ಬೇಡ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಪೋರ್ಟಲ್ ತೆರೆಯಿತು. ತೆರೆದು ನೋಡಿದೆ. ಕಸ್ಟಮರ್ ಕೇರ್ ನಂಬರ್, ಸರ್ವಿಸ್ ಸೆಂಟರ್ ವಿವರ, ಕಂಪನಿಯ ಜಾಲತಾಣಕ್ಕೆ ದಾರಿ. ಇಷ್ಟಕ್ಕೆ ಪೋರ್ಟಲ್ ಬೇಕಿತ್ತೇ? ಆಮೇಲೆ ಇನ್ನೊಂದು ಸಮಿತಿ ಬಂತು. ಫೋನ್, ಟ್ಯಾಬ್ಲೆಟ್ ರಿಪೇರಿಗೆ ಎಷ್ಟು ಸುಲಭ ಎಂಬುದಕ್ಕೆ ಅಂಕ ಕೊಟ್ಟು ಡಬ್ಬದ ಮೇಲೆ ತೋರಿಸಬೇಕೆಂದು ಅದು 2025ರ ಮೇನಲ್ಲಿ ವರದಿ ಕೊಟ್ಟಿತು. ಒಳ್ಳೆಯದೇ. ಫ್ರಾನ್ಸ್‌ನಲ್ಲಿ 2021ರಲ್ಲೇ ಇಂಥ ಅಂಕ ಬಂದಿತ್ತು. ಆದರೆ ಸಮಿತಿಯ ಪ್ರಕಾರ ಆ ಅಂಕವನ್ನು ಕಂಪನಿಗಳೇ ಘೋಷಿಸಿಕೊಳ್ಳಬೇಕಂತೆ! ಉತ್ತರ ಪತ್ರಿಕೆಯನ್ನು ಬರೆದವನೇ ತಿದ್ದಿಕೊಂಡರೆ ಫೇಲಾಗುವವರು ಯಾರು?

ಬಿಡಿಭಾಗಕ್ಕೆ ಬೀಗ ಹಾಕುವುದು ಕಳ್ಳತನ ತಡೆಯಲು ಎನ್ನುತ್ತಾರೆ ಕಂಪನಿಯವರು. ಅದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ಕದ್ದ ಫೋನ್ ಬಿಚ್ಚಿ ಭಾಗ ಮಾರುವ ದಂಧೆ ಇದೆ, ಅದರಿಂದ ನಮಗೂ ಕೆಟ್ಟ ಹೆಸರು. ಆದರೆ ಕಳೆದುಹೋದ ಫೋನಿನ ಗುರುತಿನ ಸಂಖ್ಯೆ ಐಎಂಇಐ ಬ್ಲಾಕ್ ಮಾಡಲು ಸರ್ಕಾರದ ಸಂಚಾರ್ ಸಾಥಿ ಇದೆಯಲ್ಲ? ಹಾಗೆ ಬ್ಲಾಕ್ ಆದ ಫೋನಿನ ಭಾಗಗಳನ್ನು ಮಾತ್ರ ತಡೆಯಲಿ. ಇನ್ನು ಸುರಕ್ಷತೆಯ ಮಾತು. ಕಳಪೆ ಬ್ಯಾಟರಿ ಉಬ್ಬುವುದು, ಹೊತ್ತಿಕೊಳ್ಳುವುದು ನಿಜ. ಅಸಲಿ ಬ್ಯಾಟರಿಯನ್ನು ನಮ್ಮಂಥ ಅಂಗಡಿಗೆ ಮಾರದಿದ್ದರೆ ನಾವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿದ್ದನ್ನು ತರದೆ ಇನ್ನೇನು ಮಾಡಬೇಕು?

ಅಮೆರಿಕದ ಓರೆಗಾನ್ ರಾಜ್ಯ 2024ರಲ್ಲಿ ಕಾನೂನು ತಂದು, ಭಾಗಗಳನ್ನು ಹೀಗೆ ಗಂಟು ಹಾಕಿ ಹೊರಗಿನ ರಿಪೇರಿಗೆ ಅಡ್ಡಿ ಮಾಡುವುದನ್ನೇ ನಿಷೇಧಿಸಿತು. ನಮಗೂ ಬೇಕಿರುವುದು ಅಂಥ ಕಾನೂನು. ಅದು ಬರುವವರೆಗೆ, ಡಬ್ಬದ ಮೇಲಿನ ಅಂಕದಲ್ಲಾದರೂ ಈ ಬೀಗಕ್ಕೆ ಪ್ರತ್ಯೇಕ ಲೆಕ್ಕ ಇರಲಿ: ಅಸಲಿ ಭಾಗ ಹಾಕಿದ ಮೇಲೂ ಸಂದೇಶ ಕಾಟ ಕೊಟ್ಟರೆ, ಇದ್ದ ಸೌಲಭ್ಯ ನಿಂತರೆ, ಆ ಫೋನಿಗೆ ಅಂಕ ಕಡಿತವಾಗಲಿ. ಕೊಳ್ಳುವವರಿಗೆ ಮೊದಲೇ ಗೊತ್ತಾಗಲಿ. ಅಂಕ ಹಾಕುವವರೂ ಕಂಪನಿಯವರಾಗಿರದೆ ಬಿಐಎಸ್‌ನಂಥ ಸಂಸ್ಥೆಯವರಾಗಿರಲಿ. ಬಿಚ್ಚಿ, ಬದಲಿಸಿ ತೋರಿಸಲು ಜನ ಬೇಕಿದ್ದರೆ ಹೇಳಿ ಕಳಿಸಲಿ, ಒಂದು ದಿನ ಅಂಗಡಿ ಬಾಗಿಲು ಹಾಕಿ ಬರುತ್ತೇನೆ.

— ಮೊಬೈಲ್ ರಿಪೇರಿಯವ, ಹಾಸನ