ಬಾಗಿಲಿಗೆ ಬೀಗ, ಬರಹಕ್ಕೆ ಪ್ರತಿ

ನಮ್ಮ ಬಳಗದ ಹಿರಿಯರೊಬ್ಬರ ಮನೆಯ ಗಣಕಯಂತ್ರ ಕಳೆದ ಮಳೆಗಾಲದಲ್ಲಿ ವೈರಸ್ಸಿಗೆ ತುತ್ತಾಯಿತು. ಸ್ಮರಣ ಸಂಚಿಕೆಯ ಲೇಖನಗಳನ್ನು ಹೊತ್ತು ಹಲವರ ಕೈ ದಾಟಿ ಬಂದ ಪೆನ್‌ಡ್ರೈವ್‌ನಲ್ಲಿ ಅದು ಅಡಗಿತ್ತು. ಯಂತ್ರ ಎರಡೇ ದಿನಗಳಲ್ಲಿ ಸರಿಹೋಯಿತು. ಹನ್ನೊಂದು ವರ್ಷಗಳ ಪ್ರಬಂಧಗಳು ಮಾತ್ರ ಮರಳಲಿಲ್ಲ. "ಆ್ಯಂಟಿವೈರಸ್ ಇತ್ತಲ್ಲ!" ಎಂದು ಅವರು ಮತ್ತೆ ಮತ್ತೆ ಹಲುಬುತ್ತಿದ್ದರು.

ನಮ್ಮೆಲ್ಲರ ತಪ್ಪು ತಿಳಿವಳಿಕೆ ಆ ಮಾತಿನಲ್ಲೇ ಇದೆ. ಆ್ಯಂಟಿವೈರಸ್ ಬಾಗಿಲ ಕಾವಲುಗಾರನಷ್ಟೆ. ಗೋಡೆಯೇ ಬಿರುಕು ಬಿಟ್ಟಿದ್ದರೆ ಅವನೊಬ್ಬನಿಂದ ಏನಾದೀತು? 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳು ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ನುಸುಳಿದ ವಿಂಡೋಸ್‌ನ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಒದಗಿಸಿತ್ತು. ಬಲಿಯಾದ ಯಂತ್ರಗಳಲ್ಲಿ ಹೆಚ್ಚಿನವು ಆ ತೇಪೆ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು.

ನಮ್ಮ ಹಿರಿಯರದೂ ವಿಂಡೋಸ್ 7. ಅದಕ್ಕೆ ಸುರಕ್ಷತಾ ತೇಪೆಗಳು 2020ರ ಜನವರಿಯಲ್ಲೇ ಸಾಮಾನ್ಯ ಬಳಕೆದಾರರಿಗೆ ನಿಂತುಹೋಗಿವೆ. ಆದರೂ ಅದನ್ನು ಬಿಡದಿರಲು ನಮ್ಮಲ್ಲೊಂದು ಕಾರಣವುಂಟು: ಯೂನಿಕೋಡ್‌ಗೆ ಮೊದಲು ನುಡಿ, ಬರಹಗಳಲ್ಲಿ ಬೆರಳಚ್ಚಾದ ಕಡತಗಳು ಹೊಸ ಯಂತ್ರದಲ್ಲಿ ತೆರೆಯಲಾರವೆಂಬ ಅಂಜಿಕೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಲಕರಣೆಗಳಿವೆ. ಆ ಕೆಲಸ ಮುಗಿಯುವವರೆಗೆ ಹಳೆಯ ಯಂತ್ರವನ್ನು ಅಂತರ್ಜಾಲದಿಂದ ದೂರವಿಡಿ. ಪರರ ಪೆನ್‌ಡ್ರೈವನ್ನು ಅದಕ್ಕೆ ತಾಗಿಸಬೇಡಿ.

ಇಷ್ಟಾದರೂ ಕಳ್ಳ ಒಳಬರಬಹುದು. ಆದ್ದರಿಂದ ನನ್ನ ಮಟ್ಟಿಗೆ ಕಾವಲಿಗಿಂತ ಪ್ರತಿಯೇ ದೊಡ್ಡದು. ಓಲೆಗರಿಗೆ ಗೆದ್ದಲು, ಬೆಂಕಿಗಳ ಭಯವಿದ್ದ ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ನಮಗೆ ಸಾವಿರ ಬೇಡ, ಎರಡು ಸಾಕು. ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ನಕಲು ಮುಗಿದೊಡನೆ ಅದನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಡಬೇಕು. ಜೋಡಿಸಿಯೇ ಇಟ್ಟರೆ ಬೀಗ ಜಡಿಯುವ ಕುತಂತ್ರಾಂಶ ಅದನ್ನೂ ಬಿಡದು. ಇನ್ನೊಂದು, ಬೇರೆ ಊರಿನಲ್ಲಿರುವ ಮಕ್ಕಳ ಮನೆಯಲ್ಲೋ ಕ್ಲೌಡ್‌ನಲ್ಲೋ. ತಿಂಗಳಿಗೊಮ್ಮೆ ಆ ಪ್ರತಿಗಳನ್ನು ತೆರೆದು ನೋಡುವುದೂ ಅಗತ್ಯ.

ಊರಿನಿಂದ ದೂರವಿದ್ದು ಕನ್ನಡದಲ್ಲಿ ಬರೆಯುವ ನಮ್ಮಂಥವರ ಬರಹ ಎಷ್ಟೋ ಸಲ ಆ ಒಂದು ಯಂತ್ರದಲ್ಲಲ್ಲದೆ ಬೇರೆಲ್ಲೂ ಇರುವುದಿಲ್ಲ. ಹಿರಿಯರು ನೆನಪಿನ ಬಲದಿಂದ ಈವರೆಗೆ ಮೂರು ಪ್ರಬಂಧಗಳನ್ನು ಮತ್ತೆ ಬರೆದಿದ್ದಾರೆ. ಉಳಿದವು ಹೇಗಿದ್ದವೆಂದು ಇನ್ನು ಯಾರೂ ಹೇಳಲಾರರು.