ಅಲ್ಪಸಂಖ್ಯಾತರ ಕಪಾಟಿಗೆ ಹಿಡಿಸದ ಡಿಸೋಜ

ತೀರ್ಥಹಳ್ಳಿಯ ಕುವೆಂಪು, ಅನಂತಮೂರ್ತಿಯವರನ್ನು ಯಾರೂ 'ಬಹುಸಂಖ್ಯಾತ ಲೇಖಕರು' ಎನ್ನುವುದಿಲ್ಲ. ಸಾಗರದ ನಾ. ಡಿಸೋಜರ ಮಾತು ಬಂದಾಗ ಮಾತ್ರ ಅವರ ಮತ ಮುಂದೆ ಬರುತ್ತದೆ. ಹಾಗೆ ಓದಿದರೆ ಸಿಗುವುದು ಅರ್ಧ ಡಿಸೋಜ ಮಾತ್ರ. ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಸಾಗರ, ಹೊಸನಗರ ಸೀಮೆಯಲ್ಲಿ ಮುಳುಗಿದ ಊರುಗಳ ಕಥೆಯನ್ನು ಕನ್ನಡದಲ್ಲಿ ಬಿಡದೆ ಬರೆದವರು ಈ ಕೊಂಕಣಿ ಮನೆಮಾತಿನ ಕ್ರೈಸ್ತ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಅಣೆಕಟ್ಟು ಯೋಜನೆಯನ್ನು ಹತ್ತಿರದಿಂದ ಕಂಡಿದ್ದವರು. ಅವರ 'ದ್ವೀಪ' ಕಾದಂಬರಿಯಲ್ಲಿ ಏರುವ ನೀರಿನ ನಡುವೆ ಸಿಕ್ಕಿಕೊಳ್ಳುವ ಗಣಪಯ್ಯ, ನಾಗವೇಣಿ ಹಿಂದೂ ದಂಪತಿ. ಮುಳುಗಡೆಯ ನೀರು ಮತ ಕೇಳಿ ಏರಲಿಲ್ಲ. ಡಿಸೋಜರ ಬರಹವೂ ಕೇಳಲಿಲ್ಲ.

ಹಾಗಾದರೆ ಸಮುದಾಯದ ಗುರುತನ್ನೇ ಮರೆಯಬೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸಾರಾ ಅಬೂಬಕ್ಕರ್ ಬರೆಯದಿದ್ದರೆ ಕಾಸರಗೋಡಿನ ಮುಸ್ಲಿಂ ಹೆಣ್ಣಿನ ಸಂಕಟ ಕನ್ನಡಕ್ಕೆ ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ. ಡಿಸೋಜರೂ ತಮ್ಮ ಕ್ರೈಸ್ತ ಸಮುದಾಯದ ಬಗ್ಗೆ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಬರೆದರು. ಆದರೆ ಗುರುತು ಲೇಖಕನ ಬಂಡವಾಳವಾಗಬಹುದೇ ಹೊರತು ಬೇಲಿಯಾಗಬಾರದು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಡಿಸೋಜರಿಗೆ ಸಂದಿತು. ಪಠ್ಯ, ವಿಚಾರ ಸಂಕಿರಣಗಳಲ್ಲೂ ಅವರು ಮಲೆನಾಡಿನ ಲೇಖಕರ ಮೊದಲ ಸಾಲಿನಲ್ಲೇ ಕೂರಬೇಕು. 'ಅಲ್ಪಸಂಖ್ಯಾತ ಸಾಹಿತ್ಯ'ದ ಪ್ರತ್ಯೇಕ ಗೋಷ್ಠಿಯಲ್ಲಿ ಮಾತ್ರವಲ್ಲ.