ನಡುದಾರಿಯ ಗೊಂದಲ

ಪ್ರಬಂಧಕ್ಕೆ ವಿಷಯವನ್ನು ಕೊಟ್ಟು, ನಾಲ್ಕು ಪುಸ್ತಕಗಳ ಹೆಸರನ್ನು ಹೇಳಿ, ಹದಿನೈದು ದಿನಗಳ ಗಡುವನ್ನಿತ್ತರೆ ಅಧ್ಯಾಪಕನ ಹೊಣೆ ತೀರಿತೆಂದು ನಾನು ಬಹುಕಾಲ ನಂಬಿದ್ದೆನು. ವಾರ ಕಳೆದ ಮೇಲೆ ವಿದ್ಯಾರ್ಥಿಯೊಬ್ಬನು ಬಂದು, "ಸಾರ್, ಓದಿದಷ್ಟೂ ಏನೂ ತಿಳಿಯದಂತಾಗುತ್ತಿದೆ, ಬೇರೆ ವಿಷಯ ಕೊಡಿ" ಎಂದಾಗ, ಅದನ್ನು ಸೋಮಾರಿತನವೆಂದು ಬಗೆದು ಗದರಿಸಿ ಕಳುಹಿಸಿದುದೂ ಉಂಟು. ಅವನು ಕೊನೆಗೆ ತಂದೊಪ್ಪಿಸಿದ ಪ್ರಬಂಧದಲ್ಲಿ ಅವನದೆನ್ನಬಹುದಾದ ವಾಕ್ಯ ಒಂದೂ ಇರಲಿಲ್ಲ. ತಪ್ಪು ಯಾರದೆಂಬುದು ನನಗೆ ಹೊಳೆದುದು ತೀರ ತಡವಾಗಿ.

ಕಣ್ಣು ತೆರೆಯಿಸಿದುದು ಅಮೆರಿಕೆಯ ಕ್ಯಾರೊಲ್ ಕೂಲ್‌ಥಾ ಅವರ ಅಧ್ಯಯನ. ನ್ಯೂ ಜೆರ್ಸಿಯ ಪ್ರೌಢಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿದ್ದ ಈಕೆ, 1980ರ ದಶಕದ ಮೊದಲಲ್ಲಿ, ಪ್ರಬಂಧ ಬರೆಯಹೊರಟ ವಿದ್ಯಾರ್ಥಿಗಳಿಂದ ದಿನಚರಿಗಳನ್ನು ಬರೆಯಿಸಿದರು. ಯಾವ ಪುಸ್ತಕ ದೊರೆಯಿತೆಂಬುದನ್ನು ಮಾತ್ರವಲ್ಲದೆ, ಹುಡುಕುವಾಗ ಮನಸ್ಸು ಹೇಗಿತ್ತೆಂಬುದನ್ನೂ ಕೇಳಿದುದೇ ಇವರ ಹೆಚ್ಚುಗಾರಿಕೆ. (ನಾವು ಕಪಾಟುಗಳನ್ನು ಎಣಿಸುವಷ್ಟು ಆಸ್ಥೆಯಿಂದ ಓದುಗರ ಮುಖವನ್ನು ನೋಡುವುದಿಲ್ಲವಷ್ಟೆ!) ವಿಷಯ ಕೈಗೆ ಬಂದಾಗ ಅಳುಕು, ಆಯ್ಕೆ ಮುಗಿದಾಗ ಕೊಂಚ ಉತ್ಸಾಹ, ಆಮೇಲೆ, ಓದು ಮುಂದುವರಿದಂತೆ, ಗೊಂದಲ ಮತ್ತು ಶಂಕೆ. ಒಂದು ಗ್ರಂಥದ ಮಾತನ್ನು ಮತ್ತೊಂದು ಒಪ್ಪದು. ತಾನು ಮೊದಲೇ ತಿಳಿದಿದ್ದುದಕ್ಕೆ ಎರಡೂ ಹೊಂದವು. ಇವೆಲ್ಲದರ ನಡುವೆ ತಾನು ಹೇಳಬೇಕಾದುದು ಇದು ಎಂಬ ಗುರಿ ಕಂಡ ಬಳಿಕವೇ ಧೈರ್ಯ ಮರಳುವುದು. ನಡುದಾರಿಯ ಆ ಗೊಂದಲ ದಡ್ಡತನದ ಗುರುತಲ್ಲ. ಅರಿವು ರೂಪುಗೊಳ್ಳುವ ಬಗೆಯೇ ಹಾಗೆ. ಅಧ್ಯಾಪಕನಾಗಲಿ ಗ್ರಂಥಪಾಲಕನಾಗಲಿ ಬಳಿಯಲ್ಲಿರಬೇಕಾದ ಗಳಿಗೆಯೂ ಅದೇ. ನಾನಾದರೋ ಆ ಗಳಿಗೆಯಲ್ಲಿಯೇ ಬಾಗಿಲನ್ನು ಮುಚ್ಚಿದ್ದೆನು. ಮುಂದೆ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾದ ಕೂಲ್‌ಥಾ, ಈ ವಿಚಾರಗಳನ್ನು 1993ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ಅಂತರ್ಜಾಲವೂ, ಕೇಳಿದೊಡನೆ ಪ್ರಬಂಧವನ್ನೇ ಹೆಣೆದುಕೊಡುವ ಯಂತ್ರವೂ ಬಂದಿರುವಾಗ ಗ್ರಂಥಪಾಲಕನೇಕೆ ಎನ್ನುವವರಿದ್ದಾರೆ. ಮಾಹಿತಿ ಸುಲಭವಾಗಿದೆ, ನಿಜ. ಗೊಂದಲವೇನೂ ತಗ್ಗಿಲ್ಲ, ಅದನ್ನು ದಾಟದೆ ಬಳಸಿ ಹೋಗುವುದಕ್ಕೆ ಒಂದು ಹಾದಿ ಸಿಕ್ಕಿದೆ, ಅಷ್ಟೆ.

ನಮ್ಮ ಕಾಲೇಜಿನ ಗ್ರಂಥಪಾಲಕರು ನಿವೃತ್ತರಾದ ಮೇಲೆ ಆ ಸ್ಥಾನ ಬರಿದಾಗಿಯೇ ಉಳಿದಿದೆ. ಬೀಗದ ಕೈ ಜವಾನನ ಬಳಿ ಇದೆ. ಆತ ಸಜ್ಜನ, ಕೇಳಿದ ಪುಸ್ತಕವನ್ನು ಮುಖ ಸಿಂಡರಿಸದೆ ತೆಗೆದುಕೊಡುತ್ತಾನೆ. ಆದರೆ ಯಾವ ಪುಸ್ತಕವನ್ನು ಕೇಳಬೇಕೆಂದೇ ತಿಳಿಯದೆ ಕಪಾಟಿನ ಮುಂದೆ ನಿಂತ ಹುಡುಗಿ ಯಾರನ್ನು ಕೇಳಬೇಕು? ಈ ವರ್ಷದಿಂದ, ಗಡುವಿನ ನಡುವಣ ಎರಡು ಮಧ್ಯಾಹ್ನ ನಾನೇ ಅಲ್ಲಿ ಹೋಗಿ ಕುಳಿತಿರುತ್ತೇನೆ. ಅದು ಗ್ರಂಥಪಾಲಕರ ವಿದ್ಯೆಗೆ ಸಾಟಿಯಾಗದು. ಆ ಸ್ಥಾನವನ್ನು ತುಂಬಿರೆಂದು ಆಡಳಿತದವರಿಗೆ ಮೂರನೆಯ ಅರ್ಜಿಯನ್ನೂ ಬರೆದಿದ್ದೇನೆ.